ಮನೆಮಂದಿಯೆಲ್ಲ ನೆಟ್ಟಗೆ ಕೂತು ತುಳಿಯುವಂಥ ಸೈಕಲ್ ಯಾವುದು?

ಮೈಸೂರು ಸವಾರ:

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ನಾವು ನಾಲ್ವರು: ನಾನು, ನನ್ನ ಪತ್ನಿ, ಒಂಬತ್ತು ವರ್ಷದ ಮಗಳು, ಮೂರು ವರ್ಷದ ಮಗ. ಭಾನುವಾರ ಬೆಳಿಗ್ಗೆ ಕುವೆಂಪುನಗರದಿಂದ ಕುಕ್ಕರಹಳ್ಳಿ ಕೆರೆಯ ಕಡೆಗೆ, ಸಂಜೆ ತರಕಾರಿ ತರಲು, ಹಬ್ಬ ಹುಣ್ಣಿಮೆಗೆ ಊರಿನಲ್ಲೇ ಇರುವ ಅಕ್ಕನ ಮನೆಗೆ, ಹೀಗೆ ಎಲ್ಲರೂ ಸೈಕಲ್ಲಿನಲ್ಲೇ ಹೋಗಿಬರಬೇಕೆಂಬ ಆಸೆ ನಮ್ಮದು. ನನ್ನ ಬಳಿ ಈಗಿರುವ ಗೇರ್ ಸೈಕಲ್ಲಿನಲ್ಲಿ ಮುಂದಕ್ಕೆ ಬಾಗಿಯೇ ಕೂರಬೇಕಾಗಿರುವುದರಿಂದ ಸ್ವಲ್ಪ ಹೊತ್ತಿಗೆಲ್ಲ ಕತ್ತು ಹಿಡಿದುಕೊಳ್ಳುತ್ತದೆ, ಕಿರುಬೆರಳು ಮತ್ತು ಉಂಗುರ ಬೆರಳು ಜೋಮು ಹಿಡಿಯುತ್ತವೆ. ಪತ್ನಿ ಹೈಸ್ಕೂಲಿನ ದಿನಗಳಲ್ಲಿ ಸೈಕಲ್ ತುಳಿದವರು, ಆಮೇಲೆ ಮುಟ್ಟಿಲ್ಲ. ಸೀರೆ ಉಟ್ಟಾಗಲೂ ಅಂಜಿಕೆಯಿಲ್ಲದೆ ಹತ್ತಿ ಇಳಿಯುವಂತಿರಬೇಕು ಎಂಬುದೊಂದೇ ಅವರ ಷರತ್ತು. ಅಂಗಡಿಗೆ ಹೋದರೆ ದಪ್ಪ ಟೈರು, ಮುಂದೆ ಶಾಕ್ ಅಬ್ಸಾರ್ಬರ್, 21 ಗೇರು ಇರುವುದನ್ನೇ ತೋರಿಸುತ್ತಾರೆ. ನೆಟ್ಟಗೆ ಕೂತು, ಸುತ್ತಮುತ್ತ ನೋಡುತ್ತಾ, ಮಾತನಾಡುತ್ತಾ ಹೋಗುವಂಥ ಸೈಕಲ್ ಆರಿಸಲು ಏನನ್ನು ಗಮನಿಸಬೇಕು? ಅನುಭವವುಳ್ಳವರು ದಯವಿಟ್ಟು ವಿವರವಾಗಿ ತಿಳಿಸಿ.

ಹುಬ್ಬಳ್ಳಿ ಫಿಸಿಯೋ:

ಸರ್, ನೀವು ಹೇಳಿದ ಜೋಮು ನಮ್ಮಲ್ಲಿಗೆ ಬರುವ ಸೈಕಲ್ ಸವಾರರಲ್ಲಿ ಸಾಮಾನ್ಯವಾಗಿ ಕಾಣುವಂಥದ್ದು. ಮುಂದಕ್ಕೆ ಬಾಗಿದಾಗ ಮೈಭಾರದ ಒಂದು ಪಾಲು ಅಂಗೈಯ ಮೇಲೆ ಬೀಳುತ್ತದೆ. ಅಂಗೈಯ ಹೊರಅಂಚಿನಲ್ಲಿ ಹಾದುಹೋಗುವ ನರ ಹ್ಯಾಂಡಲ್ಲಿಗೆ ಒತ್ತಿಕೊಂಡು ಆ ಎರಡು ಬೆರಳುಗಳು ಮರಗಟ್ಟುತ್ತವೆ. ಬಾಗಿದ ಬೆನ್ನಿನ ಮೇಲಿಂದ ರಸ್ತೆ ನೋಡಲು ತಲೆಯನ್ನು ಹಿಂದಕ್ಕೆ ಎತ್ತಿ ಹಿಡಿಯಬೇಕಾಗುವುದರಿಂದ ಕತ್ತು ನೋಯುತ್ತದೆ. ಹ್ಯಾಂಡಲ್ಲಿನ ಹಿಡಿಕೆಗಳು ಸೀಟಿಗಿಂತ ಎರಡು ಮೂರು ಇಂಚು ಎತ್ತರದಲ್ಲಿದ್ದು, ನಿಮ್ಮ ಕಡೆಗೆ ಬಾಗಿಕೊಂಡು ಬಂದಿದ್ದರೆ ಮೊಣಕೈ ಸಡಿಲವಾಗಿ ಮಡಿಚಿರುತ್ತದೆ, ಭುಜ ಇಳಿದಿರುತ್ತದೆ, ಈ ಎರಡು ತೊಂದರೆಗಳೂ ಬಹುಮಟ್ಟಿಗೆ ಕಡಿಮೆಯಾಗುತ್ತವೆ.

ಆದರೆ ಪೂರ್ತಿ ನೆಟ್ಟಗೆ ಕೂತಾಗ ಭಾರವೆಲ್ಲ ಕೂರುವ ಮೂಳೆಗಳ ಮೇಲೆ ಬೀಳುತ್ತದೆ, ಹೊಂಡದ ಪೆಟ್ಟು ನೇರವಾಗಿ ಬೆನ್ನುಮೂಳೆಗೆ ಏರುತ್ತದೆ ಎಂಬುದನ್ನು ಮರೆಯಬಾರದು. ಆದ್ದರಿಂದ ಇಂಥ ಸೈಕಲ್ಲಿಗೆ ಅಗಲವಾದ, ಕೆಳಗೆ ಸ್ಪ್ರಿಂಗ್ ಇರುವ ಸೀಟು ಬೇಕು. ಹಳೆಯ ಕಾಲದ ಸೈಕಲ್ಲುಗಳಲ್ಲಿ ಇರುತ್ತಿದ್ದದ್ದು ಅದೇ, ಮತ್ತು ಅದಕ್ಕೆ ಸರಿಯಾದ ಕಾರಣವಿತ್ತು. ಮೆತ್ತನೆಯ ಜೆಲ್ ಕವರನ್ನು ಮೇಲೆ ಹಾಕಿಕೊಳ್ಳುವುದು ಪರಿಹಾರವಲ್ಲ. ಮೂಳೆ ಅದರೊಳಗೆ ಹೂತುಕೊಂಡು, ಒತ್ತಬಾರದ ಮೃದು ಭಾಗಗಳನ್ನು ಒತ್ತುತ್ತದೆ.

ಇನ್ನು ಸೀಟಿನ ಎತ್ತರ. ಹಲವು ವರ್ಷಗಳ ನಂತರ ಮತ್ತೆ ಸೈಕಲ್ ಹತ್ತುವವರು ಎರಡೂ ಪಾದ ನೆಲಕ್ಕೆ ಪೂರ್ತಿ ತಾಗುವಂತೆ ಸೀಟನ್ನು ತಗ್ಗಿಸಿಕೊಳ್ಳುತ್ತಾರೆ. ಕಲಿಯುವ ಮೊದಲ ದಿನಗಳಿಗೆ ಅದು ಸರಿ, ಆದರೆ ಹಾಗೆಯೇ ತುಳಿಯುತ್ತಾ ಹೋದರೆ ಮಂಡಿ ಅತಿಯಾಗಿ ಮಡಿಚಿ ಮಂಡಿಚಿಪ್ಪಿನ ಹಿಂದೆ ನೋವು ಶುರುವಾಗುತ್ತದೆ. ಪೆಡಲ್ ತಳದಲ್ಲಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಮುಂಗಾಲಿನಿಂದ ತುಳಿಯುವಾಗ ಮಂಡಿಯಲ್ಲಿ ಸ್ವಲ್ಪ ಮಡಿಕೆ ಉಳಿದಿರಬೇಕು. ಅಳತೆ ಇಷ್ಟೇ.

ಜಯನಗರ 4ನೇ ಬ್ಲಾಕ್:

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ನಮ್ಮ ರಸ್ತೆಗಳ ಹೊಂಡಗಳಿಗೆ ಶಾಕ್ ಅಬ್ಸಾರ್ಬರ್ ಬೇಕೇ ಬೇಕು, ಮತ್ತು ಗೇರು ಹೆಚ್ಚಿದ್ದಷ್ಟೂ ಒಳ್ಳೆಯದಲ್ಲವೇ? ಇವತ್ತು ಬೇಡವೆನಿಸಿದರೂ ಮುಂದೆ ದೂರದ ಊರಿಗೆ ಹೋಗುವ ಮನಸ್ಸಾದರೆ ಉಪಯೋಗಕ್ಕೆ ಬರುತ್ತದೆ. ನೆಟ್ಟಗೆ ಕೂತು ತುಳಿದರೆ ಎದುರುಗಾಳಿಗೆ ಬೇಗ ದಣಿವಾಗುವುದೂ ಸತ್ಯ.

ದಾವಣಗೆರೆ ಮೆಕ್ಯಾನಿಕ್:

ಜಯನಗರದ ಸರ್, ಎದುರುಗಾಳಿಯ ಮಾತು ವೇಗ ಹೆಚ್ಚಿದಾಗ ನಿಜ. ಮಕ್ಕಳೊಂದಿಗೆ ಹೋಗುವಾಗ ವೇಗ ಗಂಟೆಗೆ 12 ಕಿಲೋಮೀಟರ್ ದಾಟುವುದೇ ಅಪರೂಪ, ಆ ವೇಗದಲ್ಲಿ ಗಾಳಿಯ ತಡೆ ದೊಡ್ಡ ಲೆಕ್ಕವಲ್ಲ. ಅಗ್ಗದ ಸೈಕಲ್ಲಿನ ಶಾಕ್ ಅಬ್ಸಾರ್ಬರ್ ಬಗ್ಗೆ ಮಾತ್ರ ನಾನು ಗಟ್ಟಿಯಾಗಿಯೇ ಹೇಳುತ್ತೇನೆ: ಅದು ಒಂದೆರಡು ಕಿಲೋ ತೂಕ ಹೆಚ್ಚಿಸುತ್ತದೆ, ಒಂದೆರಡು ಮಳೆಗಾಲದಲ್ಲಿ ತುಕ್ಕು ಹಿಡಿದು ಬಿಗಿದುಕೊಳ್ಳುತ್ತದೆ, ಆಮೇಲೆ ಅದು ಬರೀ ಭಾರದ ಫೋರ್ಕು (ಮುಂದಿನ ಚಕ್ರವನ್ನು ಹಿಡಿದಿರುವ ಕವಲು). ಮೆತ್ತಗಿನ ಸವಾರಿ ಸಿಗಬೇಕಾದದ್ದು ಟೈರಿನಿಂದ. ಒಂದೂಮುಕ್ಕಾಲು ಇಂಚಿನಿಂದ ಎರಡು ಇಂಚು ಅಗಲದ, ಗುಬಟು ಗುಬಟು ಇಲ್ಲದ ನಯವಾದ ಟೈರು ಹಾಕಿಸಿ, ಕಲ್ಲಿನಂತೆ ಬಿಗಿಯಾಗುವಷ್ಟು ಗಾಳಿ ತುಂಬಿಸದೆ, ಟೈರಿನ ಪಕ್ಕದಲ್ಲಿ ಬರೆದಿರುವ ಮಿತಿಯೊಳಗೆ ಕೆಳಮಟ್ಟದಲ್ಲಿಟ್ಟುಕೊಂಡರೆ ಸಣ್ಣಪುಟ್ಟ ಹೊಂಡಗಳನ್ನು ಅದೇ ನುಂಗಿಕೊಳ್ಳುತ್ತದೆ.

ಮೈಸೂರಿನವರಿಗೆ ಒಂದು ಮುಖ್ಯವಾದ ಸೂಕ್ಷ್ಮ ಹೇಳಬೇಕು. ಅಂಗಡಿಯಲ್ಲಿ ಸೈಕಲ್ ನೋಡುವಾಗ ಹ್ಯಾಂಡಲ್ಲನ್ನು ಹಿಡಿದಿರುವ ಕುತ್ತಿಗೆ ಯಾವ ಬಗೆಯದೆಂದು ಗಮನಿಸಿ. ಹಳೆಯ ಮಾದರಿಯಲ್ಲಿ ಅದು ಒಂದು ಉದ್ದನೆಯ ಕೊಳವೆ, ಫೋರ್ಕಿನೊಳಗೆ ಇಳಿದಿರುತ್ತದೆ. ಮೇಲಿನ ಬೋಲ್ಟ್ ಸಡಿಲಿಸಿ, ಸಣ್ಣ ಪೆಟ್ಟು ಕೊಟ್ಟರೆ ಮೇಲಕ್ಕೂ ಕೆಳಕ್ಕೂ ಸರಿಯುತ್ತದೆ, ಇನ್ನು ಇದಕ್ಕಿಂತ ಮೇಲೆತ್ತಬಾರದು ಎಂಬ ಗೆರೆಯನ್ನೂ ಅದರ ಮೇಲೆ ಕೆತ್ತಿರುತ್ತಾರೆ. ಹೊಸ ಮಾದರಿಗಳಲ್ಲಿ ಕುತ್ತಿಗೆ ಫೋರ್ಕಿನ ಕೊಳವೆಯನ್ನು ಹೊರಗಿನಿಂದ ಅಪ್ಪಿಕೊಂಡಿರುತ್ತದೆ, ಆ ಕೊಳವೆಯನ್ನು ಕಾರ್ಖಾನೆಯಲ್ಲೇ ಗಿಡ್ಡಕ್ಕೆ ಕತ್ತರಿಸಿರುವುದರಿಂದ ಹ್ಯಾಂಡಲ್ ಎತ್ತರಿಸಲು ಹೆಚ್ಚು ಅವಕಾಶವಿರುವುದಿಲ್ಲ. ಮನೆಗೆ ತಂದ ಮೇಲೆ ಎತ್ತರಿಸಿಕೊಂಡರಾಯಿತು ಎಂದು ಕೊಂಡು, ಆಮೇಲೆ ನಮ್ಮಂಥವರ ಬಳಿಗೆ ಬಂದು ಬೇಸರಪಟ್ಟುಕೊಳ್ಳುವವರನ್ನು ನೋಡುತ್ತಲೇ ಇರುತ್ತೇನೆ.

ಗೇರಿನ ವಿಷಯಕ್ಕೆ ಬರುತ್ತೇನೆ. 28 ಇಂಚಿನ ಚಕ್ರ, ಮುಂದೆ 44 ಹಲ್ಲು, ಹಿಂದೆ 18 ಹಲ್ಲು ಇರುವ ಸಾದಾ ಸೈಕಲ್ಲಿನಲ್ಲಿ ಪೆಡಲ್ ಒಂದು ಸುತ್ತು ತಿರುಗಿದರೆ ಸುಮಾರು ಐದೂವರೆ ಮೀಟರ್ ಮುಂದೆ ಹೋಗುತ್ತೀರಿ. ಹಿಂದೆ ಮಗು ಕೂತಾಗ, ಸಣ್ಣ ಏರು ಬಂದಾಗ, ಇದು ಭಾರವೆನಿಸುತ್ತದೆ. ಹಿಂದಿನ ಫ್ರೀವೀಲನ್ನು, ಅಂದರೆ ಚೈನು ಕೂರುವ ಹಲ್ಲುಚಕ್ರವನ್ನು, 20 ಹಲ್ಲಿನದಕ್ಕೆ ಬದಲಾಯಿಸಿದರೆ ಅದು ಸುಮಾರು 4.9 ಮೀಟರಿಗೆ, 22 ಹಲ್ಲಿನದಾದರೆ ನಾಲ್ಕೂವರೆ ಮೀಟರಿಗೆ ಇಳಿಯುತ್ತದೆ. ಚೈನಿಗೆ ಒಂದು ಕೊಂಡಿ ಸೇರಿಸಬೇಕಾಗಬಹುದು, ಅಷ್ಟೇ. ಮೈಸೂರಿನಂಥ ಊರಿಗೆ, ಚಾಮುಂಡಿ ಬೆಟ್ಟ ಹತ್ತುವ ಯೋಚನೆ ಇಲ್ಲದಿದ್ದರೆ, ಈ ಒಂದು ಬದಲಾವಣೆಯೇ ಸಾಕಾಗುತ್ತದೆಂದು ನನ್ನ ನಂಬಿಕೆ. ಬೆಂಗಳೂರಿನ ಏರಿಳಿತಕ್ಕೆ ಹಿಂದೆ ಮಾತ್ರ ಆರೇಳು ಗೇರು ಇರುವ ಸೈಕಲ್ ಧಾರಾಳವಾಯಿತು. ಮುಂದೆಯೂ ಮೂರು ಹಲ್ಲುಚಕ್ರ ಇದ್ದರೆ ಕೆಡುವ ಭಾಗಗಳು ಹೆಚ್ಚುತ್ತವೆಯೇ ಹೊರತು ಮನೆಮಂದಿಯ ಸವಾರಿಗೆ ಅದರಿಂದ ಹೆಚ್ಚೇನೂ ಸಿಗುವುದಿಲ್ಲ.

ಉಟ್ರೆಕ್ಟ್ ಕನ್ನಡಿಗ:

ನಾನು ಈಗ ನೆದರ್ಲ್ಯಾಂಡ್ಸ್‌ನಲ್ಲಿದ್ದೇನೆ, ಮೂಲ ತುಮಕೂರು. ನೀವು ವಿವರಿಸುತ್ತಿರುವ ಸೈಕಲ್ಲೇ ಇಲ್ಲಿ ಎಲ್ಲರ ಸೈಕಲ್. ನಾನೀಗ ಇರುವ ಉಟ್ರೆಕ್ಟ್ ಊರಿನ ರೈಲು ನಿಲ್ದಾಣದ ಕೆಳಗೆ 12,500 ಸೈಕಲ್ ನಿಲ್ಲಿಸುವ ಜಾಗವಿದೆ; ಅಲ್ಲಿ ಹೆಚ್ಚಾಗಿ ಕಾಣುವುದು ಎತ್ತರದ ಹ್ಯಾಂಡಲ್, ಮುಚ್ಚಿದ ಚೈನು, ಅಗಲ ಸೀಟು, ಗಟ್ಟಿ ಕ್ಯಾರಿಯರ್ ಇರುವ ಸೈಕಲ್ಲುಗಳೇ. ಕೋಟು ಹಾಕಿದವರೂ, ಉದ್ದ ಲಂಗ ತೊಟ್ಟವರೂ, ಅಜ್ಜಿಯರೂ ಮಾಮೂಲಿ ಬಟ್ಟೆಯಲ್ಲೇ ಹತ್ತಿ ಹೊರಡುತ್ತಾರೆ. ಇಲ್ಲಿನ ಹಳೆಯ ಮಾದರಿಯ ಗಂಡಸರ ಸೈಕಲ್ಲಿನ ಟೈರಿನ ಮೇಲೆ 40-635 (ಮಿಲಿಮೀಟರಿನಲ್ಲಿ ಟೈರಿನ ಅಗಲ ಮತ್ತು ರಿಮ್ಮಿನ ವ್ಯಾಸ) ಎಂದು ಬರೆದಿರುವುದನ್ನು ನೋಡಿ ನನಗೆ ಬಹಳ ಸಂತೋಷವಾಯಿತು, ಏಕೆಂದರೆ ನಮ್ಮ ತಂದೆಯವರ ಕಪ್ಪು ಸೈಕಲ್ಲಿನ 28×1½ ಟೈರಿನ ಅಳತೆಯೂ ಅದೇ. ಎರಡೂ ಇಂಗ್ಲೆಂಡಿನ ಹಳೆಯ ರೋಡ್‌ಸ್ಟರ್ ಸೈಕಲ್ಲಿನ ಸಂತತಿ. ಅಂದರೆ ಆರಾಮದ ಸೈಕಲ್ ನಮಗೆ ಹೊಸದಾಗಿ ಎಲ್ಲಿಂದಲೋ ಬರಬೇಕಾಗಿಲ್ಲ. ಹಾಲಿನವರು, ಅಂಚೆಯವರು, ಮೇಷ್ಟ್ರುಗಳು ದಶಕಗಳ ಕಾಲ ತುಳಿದದ್ದು ಅದನ್ನೇ.

ಹಾಗೆಂದು ಡಚ್ ಸೈಕಲ್ಲನ್ನೇ ತರಿಸಿಕೊಳ್ಳಬೇಡಿ. ಅವು ಹಲವು ಬಾರಿ 20 ಕಿಲೋ ಮುಟ್ಟುತ್ತವೆ, ಇಲ್ಲಿನ ಎತ್ತರದ ಜನರ ಅಳತೆಗೆ ಮಾಡಿದ್ದಾಗಿರುತ್ತವೆ, ಮತ್ತು ಈ ದೇಶ ಅಂಗೈಯಷ್ಟು ಸಮತಟ್ಟು. ಆದರೆ ಇಲ್ಲಿನ ಒಂದು ನಿಯಮವನ್ನು ಮನೆಯಲ್ಲಿ ಪಾಲಿಸಬಹುದು: ಎಂಟು ವರ್ಷದೊಳಗಿನ ಮಗುವನ್ನು ಕೂರಿಸಿಕೊಂಡು ಹೋಗುವುದಾದರೆ ಬೆನ್ನಿಗೆ, ಕೈಗೆ, ಕಾಲಿಗೆ ಆಸರೆಯಿರುವ ಸರಿಯಾದ ಸೀಟು ಇರಲೇಬೇಕೆಂದು ಇಲ್ಲಿ ಕಾನೂನಿದೆ.

ಕದ್ರಿ ಶಿಕ್ಷಕಿ:

ಮೈಸೂರಿನ ಸಹೋದರರ ಪತ್ನಿಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ, ಏಕೆಂದರೆ ಸೀರೆಯುಟ್ಟು ಶಾಲೆಗೆ ಸೈಕಲ್ಲಿನಲ್ಲಿ ಹೋಗುವವಳು ನಾನು. ಲೇಡೀಸ್ ಸೈಕಲ್ ಎಂದು ಕರೆಯುತ್ತಾ ಬಂದಿದ್ದರಿಂದ ಗಂಡಸರು ಅದನ್ನು ಮುಟ್ಟುವುದಿಲ್ಲ, ಆದರೆ ನಡುವೆ ಅಡ್ಡ ಬಾರು (ಸೀಟಿನಿಂದ ಹ್ಯಾಂಡಲ್ಲಿನ ಕಡೆಗೆ ಹೋಗುವ ಮೇಲಿನ ಕೊಳವೆ) ಇಲ್ಲದ ಆ ಚೌಕಟ್ಟೇ ಇಡೀ ಮನೆಗೆ ಹೊಂದುವಂಥದ್ದು. ಕ್ಯಾರಿಯರಿನಲ್ಲಿ ಮಗುವಿನ ಸೀಟು ಇದ್ದಾಗ ಹಿಂದಿನಿಂದ ಕಾಲು ಬೀಸಿ ಹತ್ತಲು ಯಾರಿಗೂ ಸಾಧ್ಯವಿಲ್ಲ. ಪಂಚೆ ಉಟ್ಟ ಅಜ್ಜನಿಗೂ, ಪ್ಯಾಂಟ್ ತೊಟ್ಟ ನಿಮಗೂ ಕಾಲನ್ನು ಮುಂದಿನಿಂದಲೇ ದಾಟಿಸಬೇಕಾಗುತ್ತದೆ.

ನಿಲ್ಲಿಸುವ ರೀತಿಯನ್ನು ಅವರಿಗೆ ಮೊದಲು ಅಭ್ಯಾಸ ಮಾಡಿಸಿ. ಸೀಟಿನ ಮೇಲೆ ಕೂತೇ ನೆಲ ಮುಟ್ಟಲು ಹೋದರೆ ಹೆದರಿಕೆಯಾಗುತ್ತದೆ, ಆ ಹೆದರಿಕೆಯಿಂದಲೇ ಸೀಟು ತಗ್ಗಿಸುವುದು, ಆಮೇಲೆ ಮಂಡಿ ನೋವು. ಬ್ರೇಕ್ ಹಿಡಿಯುತ್ತಾ ವೇಗ ಕುಗ್ಗಿದಾಗ ಎಡಗಾಲಿನ ಪೆಡಲ್ ಕೆಳಗಿರಬೇಕು. ಅದರ ಮೇಲೆ ಭಾರ ಹಾಕಿ ಸೀಟಿನಿಂದ ಮುಂದಕ್ಕೆ ಜಾರಿ ಎದ್ದು, ಬಲಗಾಲನ್ನು ನೆಲಕ್ಕಿಡಬೇಕು. ಅಡ್ಡ ಬಾರು ಇಲ್ಲದ ಸೈಕಲ್ಲಿನಲ್ಲಿ ಇದು ಮೆಟ್ಟಿಲಿಳಿದಷ್ಟು ಸಹಜ. ಹೊರಡುವಾಗ ಇದನ್ನೇ ತಿರುಗಿಸಿ ಮಾಡುವುದು: ಒಂದು ಪೆಡಲನ್ನು ಮೇಲಕ್ಕೆತ್ತಿ ಇಟ್ಟುಕೊಂಡು, ಅದನ್ನು ಒತ್ತುತ್ತಲೇ ಸೀಟಿಗೆ ಏರುವುದು. ಖಾಲಿ ಮೈದಾನದಲ್ಲಿ ಕೆಲವು ಬಾರಿ ಮಾಡಿದರೆ ಸೀಟಿನ ಎತ್ತರದ ಭಯ ಹೊರಟುಹೋಗುತ್ತದೆ.

ಸೀರೆಗೆ ಪೂರ್ತಿ ಮುಚ್ಚಿದ ಚೈನ್ ಕವರ್ ಇರಬೇಕು, ಅರ್ಧ ಕವರ್ ಸಾಲದು. ಹಿಂದಿನ ಚಕ್ರದ ಮೇಲ್ಭಾಗದ ಎರಡೂ ಪಕ್ಕಕ್ಕೆ ಬಲೆ ಅಥವಾ ತಗಡಿನ ಗಾರ್ಡ್ ಹಾಕಿಸಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ದುಪಟ್ಟವನ್ನು ಹಿಂದೆ ಗಂಟು ಹಾಕಿಯೇ ಹತ್ತಬೇಕು.

ಒಂದು ಎಚ್ಚರಿಕೆಯನ್ನು ಕರಾವಳಿಯಿಂದ ಕೊಡುತ್ತೇನೆ. ಹೊಳೆಯುವ ಸ್ಟೀಲ್ ರಿಮ್ ಮಳೆಯಲ್ಲಿ ನೆನೆದರೆ ರಬ್ಬರ್ ಬ್ರೇಕ್ ಅದರ ಮೇಲೆ ಜಾರುತ್ತದೆ, ಸೈಕಲ್ ನಿಲ್ಲಲು ಹಿಡಿಯುವ ದೂರ ಹಲವು ಪಟ್ಟು ಹೆಚ್ಚಾಗುತ್ತದೆ. ಮಗುವನ್ನು ಕೂರಿಸಿಕೊಂಡು ಹೋಗುವ ಸೈಕಲ್ಲಿಗೆ ಅಲ್ಯೂಮಿನಿಯಂ ರಿಮ್ ಇರಲಿ. ವೈರಿನ ಬದಲು ಕಬ್ಬಿಣದ ಕಂಬಿಗಳಿಂದ ಎಳೆಯುವ ಕಂಬಿ ಬ್ರೇಕಿನ ಹಳೆಯ ಸೈಕಲ್ಲಿನ ಮೇಲೆ ನನಗೆಷ್ಟೇ ಪ್ರೀತಿಯಿದ್ದರೂ, ಮಂಗಳೂರಿನ ಮಳೆಯಲ್ಲಿ ಲೈಟ್‌ಹೌಸ್ ಹಿಲ್ ಇಳಿಯಲು ಅದನ್ನು ಯಾರಿಗೂ ಶಿಫಾರಸು ಮಾಡಲಾರೆ. ನಮ್ಮೂರಿನ ಏರುಗಳಿಗೆ ಗೇರೂ ಬೇಕೇ ಬೇಕು. ಮೆಕ್ಯಾನಿಕ್ ಅವರು ಹೇಳಿದ ಫ್ರೀವೀಲ್ ಬದಲಾವಣೆ ಇಲ್ಲಿ ಸಾಲದು.

ದಾವಣಗೆರೆ ಮೆಕ್ಯಾನಿಕ್:

ಮೇಡಂ ಹೇಳಿದ ರಿಮ್ಮಿನ ವಿಚಾರ ನೂರಕ್ಕೆ ನೂರು ಸರಿ. ಸಾದಾ ಸೈಕಲ್ಲಿಗೂ ಅಲ್ಯೂಮಿನಿಯಂ ರಿಮ್ ಕಟ್ಟಿಸಬಹುದು, ಕಡ್ಡಿಗಳ ಸಂಖ್ಯೆ ಹೊಂದುವ ರಿಮ್ ನೋಡಿ ತರಬೇಕು. ಕಂಬಿ ಬ್ರೇಕಿನ ಸೈಕಲ್ಲಿಗಾದರೆ ಬ್ರೇಕನ್ನೂ ಬದಲಿಸಬೇಕಾಗುತ್ತದೆ, ಆದ್ದರಿಂದ ಮೊದಲೇ ವೈರ್ ಬ್ರೇಕ್ ಇರುವುದನ್ನು ಕೊಳ್ಳುವುದು ಮೇಲು.

ಮೈಸೂರು ಸವಾರ:

ಇಷ್ಟೊಂದು ವಿವರ ಸಿಗುತ್ತದೆಂದು ಎಣಿಸಿರಲಿಲ್ಲ, ಎಲ್ಲರಿಗೂ ಕೃತಜ್ಞತೆಗಳು. ಹಾಗಾದರೆ ಅಡ್ಡ ಬಾರು ಇಲ್ಲದ, ಉದ್ದ ಕುತ್ತಿಗೆಯ, ವೈರ್ ಬ್ರೇಕಿನ ಸೈಕಲ್ಲನ್ನು ಇಬ್ಬರಿಗೂ ಒಂದೊಂದು ಕೊಳ್ಳುವುದು ಸೂಕ್ತವೆಂದು ನನಗನ್ನಿಸುತ್ತಿದೆ. ಕೊಳ್ಳುವ ಮೊದಲು ಪತ್ನಿಗೆ ಇಂಥ ಸೈಕಲ್ಲಿನ ಅನುಭವ ಮಾಡಿಸಲು ದಾರಿಯಿದೆಯೇ? ಮಗಳಿಗೆ 24 ಇಂಚಿನದು ಕೊಂಡರೆ ಮೂರು ನಾಲ್ಕು ವರ್ಷ ಬರುತ್ತದೆ ಎಂದು ಮನೆಯಲ್ಲಿ ಹಿರಿಯರು ಹೇಳುತ್ತಿದ್ದಾರೆ. ಅವಳ ಎತ್ತರ 128 ಸೆಂಟಿಮೀಟರ್.

ಕದ್ರಿ ಶಿಕ್ಷಕಿ:

ನಿಮ್ಮೂರಿನಲ್ಲಿ 2017ರಲ್ಲಿ ಆರಂಭವಾದ ಟ್ರಿನ್ ಟ್ರಿನ್ ಬಾಡಿಗೆ ಸೈಕಲ್ಲುಗಳಿವೆಯಲ್ಲ. ಹತ್ತಿರದ ನಿಲ್ದಾಣದಲ್ಲಿ ಸಿಕ್ಕರೆ ಅದರಲ್ಲೇ ಕೆಲವು ಬೆಳಗ್ಗೆ ಅಭ್ಯಾಸ ಮಾಡಿಸಿ, ಸೀಟನ್ನು ಬೇರೆ ಬೇರೆ ಎತ್ತರಕ್ಕೆ ಇಟ್ಟು ನೋಡಲಿ.

ಮಗಳಿಗೆ ಈಗ 20 ಇಂಚಿನದೇ ಸರಿ. ದೊಡ್ಡವಳಾದ ಮೇಲೆ ಹಿಡಿಸುತ್ತದೆ ಎಂದು ಲಂಗ ಹೊಲಿಸಬಹುದು, ಸೈಕಲ್ ಮಾತ್ರ ಹಾಗೆ ಕೊಳ್ಳಬಾರದು. ನಮ್ಮ ಕಾಲದಲ್ಲಿ ದೊಡ್ಡವರ ಸೈಕಲ್ಲಿನಲ್ಲಿ ಒಳಪೆಡಲ್ ಹಾಕಿ ಕಲಿತೆವು, ಆದರೆ ಆಗ ರಸ್ತೆಯಲ್ಲಿ ಇಷ್ಟು ವಾಹನಗಳಿರಲಿಲ್ಲ. ಸೈಕಲ್ ದೊಡ್ಡದಾದರೆ ಮಗುವಿನ ಗಮನವೆಲ್ಲ ಬೀಳದಿರುವುದರಲ್ಲೇ ಕಳೆದುಹೋಗುತ್ತದೆ, ಹಿಂದೆ ಬರುವ ಆಟೋ ಕಡೆಗೆ ತಿರುಗಿ ನೋಡಲು ಧೈರ್ಯ ಬರುವುದಿಲ್ಲ. ಬ್ರೇಕ್ ಲಿವರ್ ಅವಳ ಬೆರಳಿಗೆ ಎಟುಕುತ್ತದೆಯೇ ಎಂದು ಅಂಗಡಿಯಲ್ಲೇ ಹಿಡಿಸಿ ನೋಡಿ; ಹಲವು ಲಿವರುಗಳಲ್ಲಿ ಅದನ್ನು ಹತ್ತಿರಕ್ಕೆ ತರುವ ಸಣ್ಣ ಸ್ಕ್ರೂ ಇರುತ್ತದೆ. 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ತೊಡಗಿದಾಗ ನಾನು ಶಾಲೆಯಲ್ಲಿ ಕಂಡದ್ದು ಇದೇ: ಎತ್ತರ ಹೊಂದಿದ ಹುಡುಗಿಯರು ಅಂದಿನಿಂದಲೇ ಗುಂಪಾಗಿ ತುಳಿದುಕೊಂಡು ಬಂದರು, ಗಿಡ್ಡಗಿದ್ದವರು ಬಹಳ ದಿನ ತಳ್ಳಿಕೊಂಡೇ ಬರುತ್ತಿದ್ದರು.

ಜಯನಗರ 4ನೇ ಬ್ಲಾಕ್:

ಮೆಕ್ಯಾನಿಕ್ ಅವರ ವಿವರಣೆಯಿಂದ ಶಾಕ್ ಅಬ್ಸಾರ್ಬರ್ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿದೆ. ನನ್ನದೂ ಒಂದು ಮಾಹಿತಿ: 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ನೋಡಿಕೊಳ್ಳಿ. ಮನೆಯಲ್ಲಿ ವಯಸ್ಸಾದವರೂ ಜೊತೆಗೆ ಬರುವುದಾದರೆ ಬ್ಯಾಟರಿ ಸೈಕಲ್ಲನ್ನೂ ಪರಿಶೀಲಿಸಬಹುದು. ಮೋಟಾರು 250 ವ್ಯಾಟ್‌ಗಿಂತ ಕಡಿಮೆಯಿದ್ದು ವೇಗ ಗಂಟೆಗೆ 25 ಕಿಲೋಮೀಟರ್ ಮೀರದಿದ್ದರೆ ಅದಕ್ಕೆ ನೋಂದಣಿ ಬೇಕಾಗುವುದಿಲ್ಲ.

ಹುಬ್ಬಳ್ಳಿ ಫಿಸಿಯೋ:

ಮಗನ ವಿಷಯ ಉಳಿದಿದೆ. ಯುರೋಪಿನ ಮಾನದಂಡದ ಹಿಂದಿನ ಸೀಟುಗಳನ್ನು 9ರಿಂದ 22 ಕಿಲೋ ತೂಕದ ಮಕ್ಕಳಿಗೆಂದು ಮಾಡಿರುತ್ತಾರೆ, ಆದ್ದರಿಂದ ನಿಮ್ಮ ಮಗನಿಗೆ ಇನ್ನೂ ಒಂದಷ್ಟು ವರ್ಷ ನಡೆಯುತ್ತದೆ. ಸೀಟಿನ ಮೆತ್ತೆಗಿಂತ ಅದರ ಕಾಲಿನ ಬಟ್ಟಲನ್ನು ಗಮನವಿಟ್ಟು ನೋಡಿ. ನಮ್ಮ ಕಡೆ ಸೈಕಲ್ಲಿನಿಂದ ಮಕ್ಕಳಿಗೆ ಆಗುವ ಕೆಟ್ಟ ಗಾಯಗಳಲ್ಲಿ ಕಡ್ಡಿಗಳ ನಡುವೆ ಪಾದ ಸಿಕ್ಕಿಕೊಳ್ಳುವುದು ಮುಖ್ಯವಾದದ್ದು. ಹಿಮ್ಮಡಿಯ ಚರ್ಮ ಸುಲಿದುಹೋಗುತ್ತದೆ, ಕೆಲವೊಮ್ಮೆ ಮೂಳೆಯೂ ಮುರಿಯುತ್ತದೆ. ಪಾದವನ್ನು ಪಟ್ಟಿ ಹಾಕಿ ಕಟ್ಟುವ, ಚಕ್ರದ ಕಡೆಗೆ ಗೋಡೆಯಿರುವ ಬಟ್ಟಲು ಇರಲೇಬೇಕು. ಕ್ಯಾರಿಯರಿನ ಮೇಲೆ ದಿಂಬು ಕಟ್ಟಿ ಕೂರಿಸುವುದು ಬೇಡ. ಮಗುವಿಗೆ ಅಳತೆಯ ಹೆಲ್ಮೆಟ್ ಹಾಕಿ. ಸೈಕಲ್ ಸ್ಟ್ಯಾಂಡಿನ ಮೇಲೆ ನಿಂತಿದ್ದರೂ ಮಗುವನ್ನು ಅದರಲ್ಲಿ ಕೂರಿಸಿಟ್ಟು ಕೈ ಬಿಡಬಾರದು.

ಮೈಸೂರು ಸವಾರ:

ಸೀಟು ತರಿಸುತ್ತೇನೆ. ಸೈಕಲ್ಲಿನ ಜೊತೆ ಬರುವ ಕ್ಯಾರಿಯರ್ ಅದನ್ನು ಹೊರುತ್ತದೆಯೇ ಎಂಬುದನ್ನು ಹೇಗೆ ತಿಳಿಯುವುದು?

ದಾವಣಗೆರೆ ಮೆಕ್ಯಾನಿಕ್:

ಕ್ಯಾರಿಯರಿನ ಮೇಲೆ ಎಷ್ಟು ಕಿಲೋ ಎಂದು ಅಚ್ಚು ಹಾಕಿದ್ದರೆ, ಮಗು ಮತ್ತು ಸೀಟು ಎರಡರ ತೂಕ ಸೇರಿ ಅದರೊಳಗಿರಬೇಕು. ಸೀಟುಕೊಳವೆಗೆ ಮಾತ್ರ ಕಚ್ಚಿಕೊಂಡು ಹಿಂದಕ್ಕೆ ಚಾಚಿರುವ ಹಗುರ ಕ್ಯಾರಿಯರ್ ಮಗುವಿಗೆ ಆಗುವುದಿಲ್ಲ. ಕೆಳಗೆ ಎರಡೂ ಕಡೆ ಹಿಂದಿನ ಚಕ್ರದ ಅಚ್ಚಿನ ಬಳಿಗೆ ಬೋಲ್ಟ್ ಆಗಿರುವ ಕಾಲುಗಳಿರಬೇಕು. ನೀವು ಕೂರುವ ಸೀಟಿನ ಕೆಳಗೆ ಸ್ಪ್ರಿಂಗ್ ಇರುತ್ತದಲ್ಲ, ಮಗುವಿನ ಬೆರಳು ಅದರೊಳಗೆ ಹೋಗದಂತೆ ಒಂದು ಹೊದಿಕೆ ಹಾಕಿಸಿ. ಒಂದೇ ಕಾಲಿನ ಸ್ಟ್ಯಾಂಡ್ ಇದ್ದರೆ ತೆಗೆಸಿ ಎರಡು ಕಾಲಿನದು ಹಾಕಿಸಿ.

ಹೊಸ ಸೈಕಲ್ ಡಬ್ಬದಲ್ಲಿ ಅರೆಬರೆ ಜೋಡಿಸಿಯೇ ಬರುತ್ತದೆ, ಆದ್ದರಿಂದ ಹಬ್ಬಿನ (ಚಕ್ರದ ನಡುಭಾಗದ) ಗ್ರೀಸ್ ಮತ್ತು ಕಡ್ಡಿಗಳ ಬಿಗಿತವನ್ನು ನಿಮ್ಮೆದುರಿಗೇ ನೋಡಿಸಿ. ಸೀಟು ಕೂರಿಸಿದ ದಿನ ಮಗುವನ್ನು ಹತ್ತಿಸಬೇಡಿ. ಅವನ ತೂಕದಷ್ಟೇ ಅಕ್ಕಿಯನ್ನು ಚೀಲಕ್ಕೆ ಹಾಕಿ, ಬೆಲ್ಟ್ ಬಿಗಿದು ಕಟ್ಟಿ, ಹೊಂಡವಿರುವ ಬೀದಿಯಲ್ಲೇ ಒಂದೆರಡು ಸುತ್ತು ಹೊಡೆದು ಬನ್ನಿ. ಆಮೇಲೆ ಕ್ಯಾರಿಯರಿನ ಪ್ರತಿಯೊಂದು ನಟ್ಟಿಗೂ ಸ್ಪ್ಯಾನರ್ ಹಾಕಿ ನೋಡಿ. ಯಾವುದಾದರೂ ನಟ್ಟು ಕಾಲು ಸುತ್ತಿನಷ್ಟು ತಿರುಗಿದರೂ ಸ್ಪ್ರಿಂಗ್ ವಾಷರ್ ಹಾಕಿಸಿ, ಮತ್ತೊಮ್ಮೆ ಅಕ್ಕಿಯನ್ನೇ ಕಟ್ಟಿಕೊಂಡು ಹೋಗಿಬನ್ನಿ.